ರೊಟ್ಟಿ ಬಡಿಯುವಾಗ ಮೊಣಕೈ ನೋವು: ಬೆನ್ನು, ಭುಜಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇದೆ. ನೋವು ಮೊಣಕೈಯಲ್ಲಿ ಕಾಣಿಸಿದರೂ, ಕಾರಣದ ಒಂದು ಪಾಲು ಭುಜ ಮತ್ತು ಬೆನ್ನಿನ ಮೇಲ್ಭಾಗದಲ್ಲಿ ಇರಬಹುದು.

ಬಾಗಲಕೋಟೆಯಲ್ಲಿರುವ ನಿಮ್ಮ ತಾಯಿ ದಿನಾ ಜೋಳದ ರೊಟ್ಟಿ ಬಡಿಯುತ್ತಾರೆ, ಮೊಣಕೈಯ ಹೊರಬದಿ ನೋಯುತ್ತದೆ, ಪಟ್ಟಿ ಕಟ್ಟಿದರೂ ಕಡಿಮೆಯಾಗಿಲ್ಲ ಎಂದಿದ್ದೀರಿ. ರೊಟ್ಟಿ ಬಡಿಯುವುದು ಅಂಗೈ, ನಿಜ. ಆದರೆ ಅದಕ್ಕೆ ಆಸರೆ ಬೆನ್ನಿನಿಂದ ಬರಬೇಕು. ಭುಜದ ಹಿಂದೆ ರೆಕ್ಕೆಯಂತೆ ಒಂದು ಚಪ್ಪಟೆ ಎಲುಬು ಇದೆಯಲ್ವಾ, ಅದನ್ನು ಬೆನ್ನಿನ ಸ್ನಾಯುಗಳು ಬಿಗಿಯಾಗಿ ಹಿಡಿದಿಡುತ್ತವೆ. ತುಂಬಾ ಹೊತ್ತು ಮುಂದೆ ಬಾಗಿ ಕೂತರೆ ಅವು ದಣಿಯುತ್ತವೆ, ಭುಜ ಮುಂದಕ್ಕೆ ಜಾರುತ್ತದೆ. ಆಗ ಮುಂಗೈ ಸ್ನಾಯುಗಳ ಮೇಲೆ ಹೆಚ್ಚು ಭಾರ ಬೀಳಬಹುದು. ಮಣಿಕಟ್ಟನ್ನು ಮೇಲೆತ್ತುವ ಸ್ನಾಯುಗಳು ಮೊಣಕೈಯ ಹೊರಬದಿಯ ಒಂದು ಪುಟ್ಟ ಜಾಗಕ್ಕೆ ಅಂಟಿಕೊಂಡಿವೆ. ಎಳೆತವೆಲ್ಲ ಅಲ್ಲೇ ಬೀಳುತ್ತದೆ. ಚಕ್ಕಡಿಯ ಒಂದು ಎತ್ತು ದಣಿದರೆ ಇನ್ನೊಂದರ ಹೆಗಲಿಗೆ ಭಾರ ಜಾಸ್ತಿಯಾದ ಹಾಗೆ. ಮಗ್ಗದ ಮುಂದೆ ಬಾಗಿ ಕೂರುವವರಿಗೂ ಇದೇ ಮಾತು.

ಹಾಗಾಗಿ ಸುಮ್ನೆ ಮೊಣಕೈಗೆ ಮುಲಾಮು ತಿಕ್ಕಿದರೆ ಸಾಲದು. ರೊಟ್ಟಿ ಬಡಿಯುವ ಜಾಗ ಸ್ವಲ್ಪ ಎತ್ತರ ಮಾಡಿ, ಅವರು ಬಾಗುವುದು ತಪ್ಪಲಿ. ನಾಲ್ಕೈದು ರೊಟ್ಟಿಗೊಮ್ಮೆ ಎರಡೂ ಭುಜ ಹಿಂದಕ್ಕೆಳೆದು ಐದು ಎಣಿಸಲಿ. ಮೊಣಕೈ ಮತ್ತು ಭುಜ ಎರಡಕ್ಕೂ ಫಿಸಿಯೋಥೆರಪಿಸ್ಟ್ ಹತ್ತಿರ ವ್ಯಾಯಾಮ ಕಲಿಯುವುದು ಒಳ್ಳೆಯದು.

ಬೆರಳು ಜುಮ್ಮೆನ್ನುತ್ತಿದ್ದರೆ, ಕೈಯ ಬಲ ಕುಂದಿದ್ದರೆ ತಡ ಮಾಡಬೇಡಿ, ವೈದ್ಯರಿಗೆ ತೋರಿಸಿ. ಕುತ್ತಿಗೆಯಲ್ಲಿ ನರ ಒತ್ತಿಕೊಂಡಿದ್ದರೂ ನೋವು ಮೊಣಕೈವರೆಗೆ ಇಳಿಯಬಹುದು.