ಸೈಕಲ್ ಪ್ರಶ್ನೋತ್ತರ: ಬಣ್ಣ ತಿನ್ನೋದು ಚೈನೋ, ಧೂಳೋ?

ಮಳೆ ಸ್ವಲ್ಪ ಬಿಡುವು ಕೊಟ್ಟ ಮೇಲೆ ಎಲ್ಲರೂ ಸೈಕಲ್ ತೊಳೆದಿದ್ದೀರಿ ಅಂತ ಕಾಣುತ್ತೆ. ಕೆಸರು ಹೋದ ಮೇಲೆ ತಾನೇ ಗೀರು ಕಾಣೋದು. ಈ ಸಲದ ಪತ್ರಗಳಲ್ಲಿ ಅದೇ ಗೋಳು.

ಸರ್, ಜೂನ್‌ನಲ್ಲಿ ಗೇರ್ ಸೈಕಲ್ ತೆಗೆದುಕೊಂಡೆ. ದಿನಾ ಕಾಲೇಜಿಗೆ ಅದರಲ್ಲೇ ಹೋಗ್ತೀನಿ. ಹಂಪ್ ಹಾರಿದಾಗ, ಗುಂಡಿಗೆ ಇಳಿದಾಗ ಹಿಂದಿನಿಂದ ಟಕ್ ಟಕ್ ಅಂತ ಸದ್ದು ಬರುತ್ತೆ. ಮೊನ್ನೆ ನೋಡಿದರೆ ಚೈನ್ ಪಕ್ಕದ ಪೈಪಿನ ಮೇಲೆ ಬಣ್ಣ ಎದ್ದುಹೋಗಿದೆ. ಅಂಗಡಿಯಲ್ಲಿ ಕೇಳಿದರೆ ‘ಇದೆಲ್ಲ ಮಾಮೂಲಿ’ ಅಂತಾರೆ. ಹೌದಾ? — ವಿದ್ಯಾರ್ಥಿ, ನಾಗರಬಾವಿ

ಮಾಮೂಲಿ ಹೌದು. ಅಂತ ಸುಮ್ನೆ ಬಿಡಬೇಕಾಗಿಲ್ಲ.

ಪೆಡಲ್ ಹತ್ತಿರದಿಂದ ಹಿಂದಿನ ಚಕ್ರಕ್ಕೆ ಹೋಗುವ ಆ ಬಲಗಡೆ ಪೈಪನ್ನು ಚೈನ್‌ಸ್ಟೇ ಅಂತಾರೆ. ನೀವು ತುಳಿಯುತ್ತಿರುವಾಗ ಮೇಲಿನ ಚೈನ್ ಬಿಗಿಯಾಗಿರುತ್ತೆ. ತುಳಿಯೋದು ನಿಲ್ಲಿಸಿ ಸುಮ್ನೆ ಉರುಳುತ್ತಾ ಗುಂಡಿಗೆ ಬಿದ್ದಿರೋ, ಸಡಿಲ ಚೈನ್ ಕುಣಿದು ಪೈಪಿಗೆ ಬಡಿಯುತ್ತೆ. ಹತ್ತಿರದಿಂದ ನೋಡಿ, ಬಣ್ಣ ಒಂದೇ ಪಟ್ಟಿಯಾಗಿ ಹೋಗಿರಲ್ಲ, ಸಾಲಾಗಿ ಸಾಸಿವೆ ಕಾಳಿನಷ್ಟು ಚುಕ್ಕೆ ಚುಕ್ಕೆಯಾಗಿ ಎದ್ದಿರುತ್ತೆ. ಒಂದೊಂದು ಚುಕ್ಕೆಯೂ ಚೈನಿನ ಒಂದೊಂದು ಏಟು.

ಇದಕ್ಕೆ ಮದ್ದು ನಿಮ್ಮ ಏರಿಯಾದ ಪಂಕ್ಚರ್ ಅಂಗಡಿಯಲ್ಲೇ ಇದೆ. ಒಂದು ಹಳೇ ಸೈಕಲ್ ಟ್ಯೂಬ್ ಕೇಳಿ ತನ್ನಿ. ವಾಲ್ವ್ ಇರುವ ತುಂಡನ್ನು ಕತ್ತರಿಸಿ ಬಿಸಾಕಿ, ಉಳಿದದ್ದನ್ನು ಉದ್ದಕ್ಕೆ ಸೀಳಿ, ಒಳಗಿನ ಬಿಳಿ ಪುಡಿ ಒರೆಸಿ. ಚೈನ್‌ಸ್ಟೇಯನ್ನು ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಆಮೇಲೆ ಟ್ಯೂಬನ್ನು ಎಳೆದು ಹಿಡಿದುಕೊಂಡು, ಒಂದು ಸುತ್ತಿನ ಮೇಲೆ ಅರ್ಧ ಇನ್ನೊಂದು ಸುತ್ತು ಬರುವ ಹಾಗೆ ಬ್ಯಾಂಡೇಜ್ ತರ ಸುತ್ತುತ್ತಾ ಹೋಗಿ, ಎರಡೂ ತುದಿಗೆ ಒಂದೊಂದು ಕೇಬಲ್ ಟೈ ಹಾಕಿ. ಟೈನ ಗಂಟು ಚೈನ್ ಕಡೆಗಾಗಲಿ ಚಕ್ರದ ಕಡೆಗಾಗಲಿ ಬರಬಾರದು. ಇಷ್ಟೇ. ಅಂಗಡಿಯಲ್ಲಿ ವೆಲ್ಕ್ರೋ ಇರುವ ಕವರ್ ಸಿಗುತ್ತೆ, ನೋಡೋಕೆ ಚಂದ, ಕೆಲಸ ಎರಡರದ್ದೂ ಒಂದೇ.

ಈಗ ನನ್ನ ದಡ್ಡತನದ ಕತೆ ಕೇಳಿ. ನನ್ನ ಸೈಕಲ್ ಸ್ಟೀಲಿನದು. ಹೀಗೇ ಟ್ಯೂಬ್ ಸುತ್ತಿ, ‘ಇನ್ನು ಚಿಂತೆ ಇಲ್ಲ’ ಅಂತ ಎರಡು ಮಳೆಗಾಲ ಅದರ ಕಡೆ ನೋಡಲೇ ಇಲ್ಲ. ಬಿಚ್ಚಿದಾಗ ಏನು ಕಂಡಿತು ಗೊತ್ತಾ? ಟ್ಯೂಬಿನ ಅಂಚು ಎಲ್ಲೆಲ್ಲಿ ಹಾದಿತ್ತೋ ಅಲ್ಲೆಲ್ಲ ಕಂದು ತುಕ್ಕಿನ ಗೆರೆ, ಪೈಪಿಗೆ ಬಳ್ಳಿ ಹಬ್ಬಿದ ಹಾಗೆ! ಅಂಚಿನಿಂದ ನೀರು ಒಳಗೆ ಹೋಗಿದೆ, ಜೊತೆಗೆ ಸಣ್ಣ ಮರಳೂ ಹೋಗಿದೆ. ಚೈನ್ ಮಾಡದ ಹಾಳನ್ನು ನನ್ನ ರಕ್ಷಣೆಯೇ ಮಾಡಿತ್ತು. ನಮ್ಮ ಬೆಂಗಳೂರಲ್ಲಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಮಳೆ ಜಾಸ್ತಿ, ಅದಕ್ಕೇ ಆ ತಿಂಗಳುಗಳಲ್ಲಿ ತಿಂಗಳಿಗೊಮ್ಮೆ ಬಿಚ್ಚಿ, ಒರೆಸಿ, ಮತ್ತೆ ಸುತ್ತಿ. ನಿಮ್ಮದು ಅಲ್ಯೂಮಿನಿಯಂ ಆದರೆ ಈ ಕೆಂಪು ತುಕ್ಕಿನ ಕಾಟ ಇಲ್ಲ, ಆದರೂ ಮರಳಿನ ಕಾಟ ಇದ್ದೇ ಇದೆ. ಯಾವುದು ಅಂತ ಗೊತ್ತಿಲ್ಲದಿದ್ದರೆ ಮ್ಯಾಗ್ನೆಟ್ ಇಟ್ಟು ನೋಡಿ, ಅಂಟಿದರೆ ಸ್ಟೀಲು.

ಈಗಾಗಲೇ ಎದ್ದಿರುವ ಬಣ್ಣಕ್ಕೆ? ಸ್ಟೀಲಾದರೆ ತುಕ್ಕನ್ನು ನಯವಾದ ಉಪ್ಪುಕಾಗದದಲ್ಲಿ ಉಜ್ಜಿ, ಗೇಟಿಗೆ ಹಚ್ಚುವ ರೆಡ್ ಆಕ್ಸೈಡ್ ಒಂದು ಹನಿ ಇಟ್ಟು, ಒಣಗಿದ ಮೇಲೆ ಬಣ್ಣ. ಅಲ್ಯೂಮಿನಿಯಮ್ಮಿಗೆ ರೆಡ್ ಆಕ್ಸೈಡ್ ಬೇಡ, ಒರೆಸಿ ನೇರ ಬಣ್ಣ ಇಟ್ಟರೆ ಸಾಕು. ಅಕ್ಕನದೋ ತಂಗಿಯದೋ ನೇಲ್ ಪಾಲಿಶ್ ಬಣ್ಣ ಹೊಂದಿದರೆ ಅದೂ ನಡೆಯುತ್ತೆ, ಕೇಳಿ ತಗೊಳ್ಳಿ.

ಇನ್ನೊಂದು, ರಸ್ತೆ ಕೆಟ್ಟಿದೆ ಅಂತ ಗೊತ್ತಿದ್ದರೆ ಮೊದಲೇ ಮುಂದಿನ ದೊಡ್ಡ ಹಲ್ಲುಚಕ್ರಕ್ಕೆ ಗೇರ್ ಹಾಕಿಕೊಳ್ಳಿ. ಹಿಂದಿನ ಡಿರೇಲರ್, ಅಂದರೆ ಗೇರ್ ಬದಲಿಸುವಾಗ ಚೈನನ್ನು ಪಕ್ಕಕ್ಕೆ ಸರಿಸುವ ಭಾಗ, ಚೈನನ್ನು ಬಿಗಿಯಾಗಿ ಎಳೆದು ಹಿಡಿಯುತ್ತೆ, ಕುಣಿತ ಅರ್ಧ ಕಮ್ಮಿಯಾಗುತ್ತೆ. ಅಷ್ಟು ಮಾಡಿದರೂ ಚೈನ್ ಜೋತು ಬೀಳುತ್ತಿದ್ದರೆ ಅದು ಉದ್ದ ಜಾಸ್ತಿ ಇರಬೇಕು, ಇಲ್ಲ ಡಿರೇಲರ್ ಸ್ಪ್ರಿಂಗ್ ಸೋತಿರಬೇಕು. ಅದನ್ನು ಮೆಕ್ಯಾನಿಕ್‌ಗೆ ತೋರಿಸಿ.

ನಾವು ಭಾನುವಾರ ನಂದಿಬೆಟ್ಟಕ್ಕೆ ಸೈಕಲ್ ಹೊಡೆಯೋ ಗುಂಪು. ನನ್ನದು ಮ್ಯಾಟ್ ಕಪ್ಪು ಬಣ್ಣದ ಕಾರ್ಬನ್ ಫ್ರೇಮು. ಬ್ರೇಕ್ ಕೇಬಲ್ ತಾಗೋ ಕಡೆ ಬಿಳಿ ಬಿಳಿ ಉಜ್ಜಿದ ಗುರುತು ಬಂದಿದೆ. ಇಡೀ ಸೈಕಲ್‌ಗೆ ಪಾರದರ್ಶಕ ಫಿಲ್ಮ್ ಹಾಕಿಸು ಅಂತ ಗೆಳತಿ ಹೇಳ್ತಾಳೆ. ಅಷ್ಟೊಂದು ದುಡ್ಡು ಹಾಕಬಹುದಾ? — ಓದುಗರು, ಹೆಬ್ಬಾಳ

ದುಡ್ಡು ನಿಮ್ಮದು, ಆದರೆ ನಾನಾಗಿದ್ದರೆ ಹಾಕುತ್ತಿರಲಿಲ್ಲ. ಸೈಕಲ್ಲಿಗೆ ಎಲ್ಲ ಕಡೆ ಗೀರು ಬೀಳಲ್ಲ. ಹ್ಯಾಂಡಲ್ ಕೆಳಗೆ ಕೇಬಲ್ ತಾಗುವ ಎರಡು ಬದಿ, ಹಿಮ್ಮಡಿ ತಾಗುವ ಜಾಗ, ಮುಂದಿನ ಚಕ್ರ ಕಲ್ಲು ಸಿಡಿಸುವ ಕೆಳಪೈಪಿನ ಅಡಿಭಾಗ, ಚೈನ್‌ಸ್ಟೇ, ಇಷ್ಟೇ. ಕಾರಿನ ರ‍್ಯಾಕ್‌ನಲ್ಲಿ ಒಯ್ಯುವವರಾದರೆ ಕ್ಲಾಂಪ್ ಹಿಡಿಯುವ ಜಾಗವೂ ಸೇರಿಸಿ.

ಒಂದು ವಿಷಯ ಯೋಚನೆ ಮಾಡಿ. ಕೇಬಲ್ಲಿನ ಮೇಲಿರೋದು ಮೆತ್ತಗಿನ ಪ್ಲಾಸ್ಟಿಕ್. ಅದು ಹೇಗೆ ಬಣ್ಣ ತಿನ್ನುತ್ತೆ? ಅದು ತಿನ್ನಲ್ಲ, ಅದಕ್ಕೂ ಫ್ರೇಮಿಗೂ ಮಧ್ಯೆ ಸಿಕ್ಕಿಕೊಂಡ ಧೂಳು ತಿನ್ನುತ್ತೆ. ಪ್ರತಿ ಸಲ ಹ್ಯಾಂಡಲ್ ತಿರುಗಿಸಿದಾಗ ಕೇಬಲ್ಲು ಆ ಧೂಳನ್ನು ಹಿಡಿದು ಉಜ್ಜುತ್ತೆ, ಉಪ್ಪುಕಾಗದದ ಹಾಗೆ. ಸವಾರಿ ಮುಗಿಸಿ ಬಂದು ಒಣ ಬಟ್ಟೆಯಲ್ಲಿ ಗಸಗಸ ಒರೆಸುವವರೂ ಮಾಡೋದು ಇದೇ ಕೆಲಸ. ಮೊದಲು ನೀರು ಹಾಕಿ ಧೂಳು ಇಳಿಸಿ, ಆಮೇಲೆ ಬಟ್ಟೆ.

ಫಿಲ್ಮ್ ವಿಷಯಕ್ಕೆ ಬಂದರೆ, ಸೈಕಲ್ಲಿನವರು ಇದನ್ನು ಹೆಲಿಕಾಪ್ಟರ್ ಟೇಪ್ ಅಂತಲೂ ಕರೀತಾರೆ, ಹೆಲಿಕಾಪ್ಟರ್ ರೆಕ್ಕೆಯ ಅಂಚನ್ನು ಮರಳು ತಿನ್ನದಿರಲಿ ಅಂತ ಅಂಟಿಸುತ್ತಿದ್ದ ಪಾಲಿಯುರೆಥೇನ್ ಹಾಳೆ. ಕಾರಿಗೆ ಹಾಕುವ ಪೇಂಟ್ ಪ್ರೊಟೆಕ್ಷನ್ ಫಿಲ್ಮ್ ಕೂಡ ಅದೇ ಜಾತಿ. ಜೆ.ಸಿ. ರಸ್ತೆಯಲ್ಲಿ ಕಾರ್ ಆಕ್ಸೆಸರಿ ಅಂಗಡಿಗಳ ಸಾಲಿದೆಯಲ್ಲ, ಅಲ್ಲಿ ಕತ್ತರಿಸಿ ಉಳಿದ ತುಂಡು ಇದೆಯಾ ಅಂತ ಕೇಳಿ. ನಿಮ್ಮದು ಮ್ಯಾಟ್ ಆದ್ದರಿಂದ ಮ್ಯಾಟ್ ಫಿಲ್ಮೇ ಬೇಕು, ಇಲ್ಲದಿದ್ದರೆ ಅಂಟಿಸಿದ ಜಾಗ ಎಣ್ಣೆ ಚೆಲ್ಲಿದ ಹಾಗೆ ಹೊಳೆಯುತ್ತೆ. ಮೂಲೆಗಳನ್ನು ಚೂಪಾಗಿ ಬಿಡದೆ ದುಂಡಗೆ ಕತ್ತರಿಸಿ, ಚೂಪು ಮೂಲೆ ಬೇಗ ಏಳುತ್ತೆ. ಜಾಗವನ್ನು ತೊಳೆದು, ಒಣಗಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಸೋಪು ನೀರಿನ ನಾಲ್ಕು ಹನಿ ಚಿಮುಕಿಸಿ ಫಿಲ್ಮ್ ಇಟ್ಟು, ಬೆರಳಲ್ಲಿ ಮಧ್ಯದಿಂದ ಹೊರಕ್ಕೆ ನೀರು ತಳ್ಳಿ. ಬಾಗಿದ ಕಡೆ ಹೇರ್ ಡ್ರೈಯರ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿದರೆ ಹೇಳಿದ ಮಾತು ಕೇಳುತ್ತೆ. ಧೂಳಿನ ಮೇಲೆ ಅಂಟಿಸಿದಿರೋ, ನನ್ನ ಟ್ಯೂಬಿನ ಕತೆಯೇ.

ಸೆಲ್ಲೋಟೇಪ್ ಮಾತ್ರ ಬೇಡ. ಬಿಸಿಲಿಗೆ ಹಳದಿಯಾಗಿ, ಗೋಂದು ಅಂಟಿಕೊಂಡು ಕೂರುತ್ತೆ. ಈಗಾಗಲೇ ಹಾಕಿದ್ದರೆ ಗೋಂದು ತೆಗೆಯೋಕೆ ಹತ್ತಿಯಲ್ಲಿ ಒಂಚೂರು ನೀಲಗಿರಿ ಎಣ್ಣೆ ಸಾಕು, ತಕ್ಷಣ ಸೋಪು ನೀರಲ್ಲಿ ತೊಳೆದುಬಿಡಿ.

ಕಾರ್ಬನ್ ಅಂದಿರಲ್ಲ, ಅದಕ್ಕೆ ಒಂದು ಮಾತು. ಚೈನ್ ಕಳಚಿ ಚಿಕ್ಕ ಹಲ್ಲುಚಕ್ರಕ್ಕೂ ಫ್ರೇಮಿಗೂ ಮಧ್ಯೆ ಸಿಕ್ಕಿಕೊಂಡರೆ ಬಲವಂತವಾಗಿ ತುಳಿಯಬೇಡಿ. ಇಳಿದು ಕೈಯಲ್ಲೇ ಬಿಡಿಸಿ. ಎರಡು ತುಳಿತಕ್ಕೆ ಚೈನ್ ಕಾರ್ಬನ್ನಿನಲ್ಲಿ ತೋಡು ತೋಡಿಬಿಡುತ್ತೆ. ಮೇಲಿನ ಬಣ್ಣ ಹೋದರೆ ಅಂದ ಮಾತ್ರ ಹೋಯಿತು, ಒಳಗಿನ ನಾರು ಕಂಡರೆ ಗೊತ್ತಿರುವವರಿಗೆ ತೋರಿಸದೆ ಹತ್ತಬೇಡಿ. ಪದೇ ಪದೇ ಕಳಚುತ್ತಿದ್ದರೆ ಮುಂದಿನ ಡಿರೇಲರ್‌ನಲ್ಲಿ ‘ಎಲ್’ ಅಂತ ಗುರುತಿರುವ ಸ್ಕ್ರೂ ಸರಿಮಾಡಿಸಿ.

ಮಗನ ಸೈಕಲ್ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ನಿಲ್ಲಿಸುತ್ತೇವೆ. ಬೇರೆ ಮಕ್ಕಳು ತಮ್ಮದನ್ನು ತಂದು ಅದಕ್ಕೇ ಒರಗಿಸುತ್ತಾರೆ. ಯಾರಿಗೆ ಅಂತ ಹೇಳೋದು? — ಗೃಹಿಣಿ, ಬನಶಂಕರಿ

ಯಾರಿಗೂ ಹೇಳಿ ಪ್ರಯೋಜನ ಇಲ್ಲಮ್ಮ. ಚೈನ್ ಇಲ್ಲದ ಎಡಬದಿ ಗೋಡೆಗೆ ಬರುವ ಹಾಗೆ ನಿಲ್ಲಿಸಿದರೆ ಬಲಬದಿಯ ಗೇರಿಗೆ ಏಟು ಬೀಳುತ್ತೆ, ಅದಕ್ಕೇ ಬಲಬದಿಯನ್ನೇ ಗೋಡೆ ಕಡೆಗೆ ಮಾಡಿ. ಮೇಲಿನ ಅಡ್ಡಪೈಪಿಗೆ ಬಟ್ಟೆ ಸುತ್ತಿ, ತೊಳೆಯೋಕೆ ತೆಗೆಯುವ ಹಾಗಿರಲಿ. ಬೀಗದ ಕಬ್ಬಿಣದ ಸರಪಳಿ ಬರಿದಾಗಿದ್ದರೆ ಅದನ್ನು ಹಳೇ ಟ್ಯೂಬಿನೊಳಗೆ ತೂರಿಸಿ. ಮಕ್ಕಳ ಸೈಕಲ್ಲಿಗೆ ಅರ್ಧ ಗೀರು ಆ ಸರಪಳಿಯದ್ದೇ.

ತಂದೆಯವರ ಕಾಲದ ಸ್ಟೀಲ್ ಸೈಕಲ್, ಗೇರ್ ಇಲ್ಲ, ಪೂರ್ತಿ ಚೈನ್ ಕವರ್ ಇದೆ. ತುಳಿದರೆ ಒಳಗೆ ಕರಕರ ಅನ್ನುತ್ತೆ. ಕೊಬ್ಬರಿ ಎಣ್ಣೆ ಹಾಕುತ್ತಿದ್ದೇನೆ. — ನಿವೃತ್ತರು, ಮಲ್ಲೇಶ್ವರ

ಕೊಬ್ಬರಿ ಎಣ್ಣೆ ತಲೆಗಿರಲಿ ಸರ್. ಅದು ಚಳಿಗೆ ಗಟ್ಟಿಯಾಗುತ್ತೆ, ಆಮೇಲೆ ಧೂಳು ಹಿಡಿದು ಕಪ್ಪು ಮೇಣದ ಹಾಗಾಗುತ್ತೆ. ಕವರ್ ಬಿಚ್ಚಿ, ಚೈನನ್ನು ಸೀಮೆಎಣ್ಣೆಯಲ್ಲಿ ಬ್ರಷ್ ಹಾಕಿ ತೊಳೆದು, ಒಣಗಿಸಿ, ಚೈನಿನ ಎಣ್ಣೆ ಹಾಕಿ ಮೇಲಿನದನ್ನು ಒರೆಸಿಬಿಡಿ.

ಕರಕರ ಸದ್ದು ಮಾತ್ರ ಎಣ್ಣೆಯದ್ದಲ್ಲ, ಸವೆದು ಉದ್ದವಾದ ಚೈನ್ ಜೋತು ಬಿದ್ದು ಕವರಿಗೆ ಉಜ್ಜುತ್ತಿರಬೇಕು. ಸ್ಕೇಲ್ ಹಿಡಿದು ಅಳೆಯಿರಿ. ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು, ಹಾಗಾಗಿ 24 ಕೊಂಡಿಗೆ ಸರಿಯಾಗಿ 12 ಇಂಚು ಬರಬೇಕು. ಅದಕ್ಕಿಂತ 3 ಮಿ.ಮೀ.ನಷ್ಟು ಜಾಸ್ತಿ ಬಂದರೆ ಚೈನ್ ಬದಲಾಯಿಸಿ, ಹಲ್ಲುಚಕ್ರವನ್ನೂ ನೋಡಿಸಿ. ಅಷ್ಟಿಲ್ಲದಿದ್ದರೆ ಹಿಂದಿನ ಚಕ್ರದ ಎರಡೂ ನಟ್ ಸಡಿಲಿಸಿ, ಚಕ್ರವನ್ನು ಎರಡು ಬದಿಯೂ ಸಮವಾಗಿ ಹಿಂದಕ್ಕೆ ಎಳೆದು ಬಿಗಿ ಮಾಡಿ. ಚೈನಿನ ಮಧ್ಯೆ ಬೆರಳಿಟ್ಟು ಎತ್ತಿ ಇಳಿಸಿದರೆ ಅರ್ಧ ಇಂಚಿನಷ್ಟು ಆಡಬೇಕು. ಪೂರ್ತಿ ಬಿಗಿ ಮಾಡಿದರೆ ತುಳಿಯೋಕೆ ಭಾರ.

ಕವರ್ ಬಿಚ್ಚಿದಾಗ ಅದರ ಒಳಗೋಡೆ ನೋಡಿ, ಚೈನ್ ಉಜ್ಜಿದ ಕಡೆ ತಗಡು ಹೊಳೆಯುತ್ತಿರುತ್ತೆ. ಅಲ್ಲಿಗೂ ಒಂದು ಕೈ ರೆಡ್ ಆಕ್ಸೈಡ್ ಹೊಡೆದೇ ಮುಚ್ಚಿ.