ಹತ್ತು ವರ್ಷದ ವೀಸಾ ಇದ್ದರೂ ಅವಧಿ ವಿಸ್ತರಣೆಗೆ ಅರ್ಜಿ ಹಾಕಬೇಕೇ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಅಕ್ಟೋಬರ್ 13ರಂದು ಪತ್ನಿಯೊಂದಿಗೆ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಬಂದೆ. ಏಪ್ರಿಲ್ 5ಕ್ಕೆ ಹಿಂದಿರುಗುವ ಟಿಕೆಟ್ ಇದೆ. ಜನವರಿ ಕೊನೆಯಲ್ಲಿ ಪತ್ನಿ ಹಿಮದ ಮೇಲೆ ಜಾರಿ ಬಿದ್ದು, ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಗಿದೆ. ಮೇ ಮುಗಿಯುವವರೆಗೆ ವಿಮಾನ ಪ್ರಯಾಣ ಬೇಡವೆಂದು ವೈದ್ಯರು ಹೇಳಿದ್ದಾರೆ. ವೀಸಾ 2032ರವರೆಗೆ ಇರುವುದರಿಂದ ಏನೂ ಮಾಡಬೇಕಿಲ್ಲ ಎಂದು ಪರಿಚಿತರು ಹೇಳುತ್ತಾರೆ. ಇದು ಸರಿಯೇ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಸರಿಯಲ್ಲ. ದಯವಿಟ್ಟು ಆ ಮಾತನ್ನು ನಂಬಿ ಕೂರಬೇಡಿ. ಪಾಸ್‌ಪೋರ್ಟಿನಲ್ಲಿ ಅಂಟಿಸಿರುವ ವೀಸಾದ ಮೇಲಿನ 2032 ಎಂಬುದು ನೀವು ಅಮೆರಿಕದ ಬಾಗಿಲಿಗೆ ಬಂದು ಪ್ರವೇಶ ಕೇಳಬಹುದಾದ ಕೊನೆಯ ವರ್ಷವೇ ಹೊರತು, ಒಳಗೆ ಎಷ್ಟು ದಿನ ಇರಬಹುದು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಅದನ್ನು ನಿರ್ಧರಿಸುವುದು ವಿಮಾನ ನಿಲ್ದಾಣದ ಅಧಿಕಾರಿ ದಾಖಲಿಸುವ ಐ-94 ಎಂಬ ಪ್ರವೇಶ ದಾಖಲೆ. ಅಮೆರಿಕದ ಸುಂಕ ಮತ್ತು ಗಡಿ ರಕ್ಷಣಾ ಇಲಾಖೆಯ ಜಾಲತಾಣದಲ್ಲಿ ಹೆಸರು, ಜನ್ಮ ದಿನಾಂಕ, ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟರೆ ಆ ಒಂದು ಪುಟದ ದಾಖಲೆ ತೆರೆದುಕೊಳ್ಳುತ್ತದೆ. ಅದರಲ್ಲಿ 'ಅಡ್ಮಿಟ್ ಅಂಟಿಲ್ ಡೇಟ್' ಎಂಬುದರ ಮುಂದಿರುವ ತಾರೀಖೇ ನಿಮ್ಮ ವಾಸಕ್ಕೆ ಕೊನೆಯ ದಿನ. ಸಾಮಾನ್ಯವಾಗಿ ಆರು ತಿಂಗಳು ಕೊಡುವುದರಿಂದ ಅದು ಏಪ್ರಿಲ್ 12ರ ಸುಮಾರಿಗೆ ಇರಬಹುದು. ಇಬ್ಬರದನ್ನೂ ಬೇರೆ ಬೇರೆಯಾಗಿ ತೆಗೆದು ನೋಡಿ, ಏಕೆಂದರೆ ಪಾಸ್‌ಪೋರ್ಟಿನ ಅವಧಿ ಬೇಗ ಮುಗಿಯುವವರಿಗೆ ಅಲ್ಲಿಯವರೆಗೆ ಮಾತ್ರ ಅನುಮತಿ ಕೊಟ್ಟಿರುವುದುಂಟು.

ಆ ತಾರೀಖು ಮುಗಿಯುವ ಮೊದಲೇ ಅಮೆರಿಕದ ಪೌರತ್ವ ಮತ್ತು ವಲಸೆ ಸೇವೆಗಳ ಇಲಾಖೆಗೆ (ಯುಎಸ್‌ಸಿಐಎಸ್) ವಾಸದ ಅವಧಿ ವಿಸ್ತರಿಸಲು ಕೋರುವ ಐ-539 ಅರ್ಜಿ ತಲುಪಿರಬೇಕು. ಕನಿಷ್ಠ 45 ದಿನ ಮುಂಚೆ ಸಲ್ಲಿಸಿ ಎಂಬುದು ಇಲಾಖೆಯದೇ ಸಲಹೆ. ಅಂದರೆ ಫೆಬ್ರವರಿ 26ರೊಳಗೆ ಹಾಕಿಬಿಡಿ. ನೀವು ಮುಖ್ಯ ಅರ್ಜಿದಾರರಾಗಿ, ಪತ್ನಿಯವರನ್ನು ಐ-539ಎ ಎಂಬ ಪೂರಕ ಅರ್ಜಿಯ ಮೂಲಕ ಸೇರಿಸಿದರೆ ಒಂದೇ ಶುಲ್ಕ ಸಾಕು. 2024ರ ಏಪ್ರಿಲ್‌ನಲ್ಲಿ ನಿಗದಿಯಾದ ದರ ಆನ್‌ಲೈನ್‌ನಲ್ಲಿ 420 ಡಾಲರ್, ಕಾಗದದ ಅರ್ಜಿಗೆ 470 ಡಾಲರ್; ಕಟ್ಟುವ ದಿನ ಮತ್ತೊಮ್ಮೆ ನೋಡಿಕೊಳ್ಳಿ.

ಅರ್ಜಿಯ ಬಲವಿರುವುದು ವೈದ್ಯರ ಪತ್ರದಲ್ಲಿ. 'ಪ್ರಯಾಣ ಬೇಡ' ಎಂಬ ಒಂದು ಸಾಲಿನ ಚೀಟಿ ಸಾಲದು. ಶಸ್ತ್ರಚಿಕಿತ್ಸೆ ನಡೆದ ದಿನ, ಈಗಿನ ಸ್ಥಿತಿ, ಯಾವ ತಾರೀಖಿನವರೆಗೆ ದೀರ್ಘ ಪ್ರಯಾಣ ಕೂಡದು ಎಂಬುದೆಲ್ಲ ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ಸಹಿಯೊಂದಿಗೆ ಬರಲಿ. ಅದರ ಜೊತೆಗೆ ಖರ್ಚು ಯಾರು ನೋಡಿಕೊಳ್ಳುತ್ತಾರೆ ಎಂಬುದಕ್ಕೆ ಮಗಳ ಪತ್ರ ಹಾಗೂ ಬ್ಯಾಂಕ್ ವಿವರ, ಊರಿಗೆ ಮರಳುವಿರಿ ಎಂಬುದಕ್ಕೆ ನಿಮ್ಮ ಪಿಂಚಣಿ ದಾಖಲೆ, ಮನೆಯ ಕಂದಾಯ ರಸೀದಿ, ಮುಂದೂಡಿದ ಟಿಕೆಟ್ ಇವನ್ನು ಇರಿಸಿ. ಕನ್ನಡದ ರಸೀದಿಗೆ ದೃಢೀಕರಿಸಿದ ಇಂಗ್ಲಿಷ್ ಅನುವಾದ ಬೇಕು. ಹೇಗೂ ಹಾಕುತ್ತಿದ್ದೇವೆ, ಆರು ತಿಂಗಳೇ ಕೇಳೋಣ ಎಂದು ಮನೆಯಲ್ಲಿ ಯಾರಾದರೂ ಅಂದರೆ ಒಪ್ಪಬೇಡಿ. ವೈದ್ಯರ ಪತ್ರಕ್ಕೆ ಹೊಂದುವಂತೆ ಜೂನ್ ಕೊನೆಯವರೆಗೆ ಕೇಳುವುದು ನನಗೆ ಸರಿಯಾಗಿ ಕಾಣುತ್ತದೆ.

ಉತ್ತರ ಬರಲು ತಿಂಗಳುಗಳೇ ಹಿಡಿಯುತ್ತವೆ. ಸಕಾಲದಲ್ಲಿ ಸಲ್ಲಿಸಿದ ಅರ್ಜಿ ಇತ್ಯರ್ಥವಾಗದೆ ಇರುವಷ್ಟು ದಿನ ನಿಮ್ಮ ವಾಸ ಅಕ್ರಮವೆಂದು ಲೆಕ್ಕವಾಗುವುದಿಲ್ಲ, ಆದ್ದರಿಂದ ಏಪ್ರಿಲ್ 12 ದಾಟಿತೆಂದು ಗಾಬರಿಯಾಗಬೇಡಿ. ತಿರಸ್ಕಾರವಾದರೆ ಮಾತ್ರ ತಡಮಾಡದೆ ಹೊರಡಬೇಕು. ಮರುದಿನದಿಂದಲೇ ಅಕ್ರಮ ವಾಸದ ಎಣಿಕೆ ಶುರುವಾಗುತ್ತದೆ. ಅದು 180 ದಿನ ಮೀರಿದ ಮೇಲೆ ಹೊರಟರೆ ಮೂರು ವರ್ಷ, ಒಂದು ವರ್ಷ ತಲುಪಿದರೆ ಹತ್ತು ವರ್ಷ ಪ್ರವೇಶವಿಲ್ಲ. ಮೊಮ್ಮಕ್ಕಳನ್ನು ನೋಡಲು ಮತ್ತೆ ಬರಬೇಕೆನ್ನುವವರಿಗೆ ಇದು ಸಣ್ಣ ಮಾತಲ್ಲ.

ಪತ್ನಿಯವರು ಮೇ ಕೊನೆಗೇ ಚೇತರಿಸಿಕೊಂಡರೆ ಉತ್ತರಕ್ಕೆ ಕಾಯದೆ ಹೊರಡಬಹುದು. ಆಗ ಐ-797ಸಿ ಸ್ವೀಕೃತಿ ಪತ್ರ ಮತ್ತು ಇಬ್ಬರ ಬೋರ್ಡಿಂಗ್ ಪಾಸ್‌ಗಳನ್ನು ಒಂದೇ ಫೈಲಿನಲ್ಲಿಟ್ಟು ಊರಿಗೆ ಒಯ್ಯಿರಿ. ಮುಂದಿನ ಸಲ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಕೇಳಿದಾಗ ತೋರಿಸಬೇಕಾದದ್ದು ಅವನ್ನೇ.