ಡಿಫೆಂಡರ್ ಆಗಿದ್ದ ಆ್ಯಶ್ಲಿ ವೆಸ್ಟ್‌ವುಡ್ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡದ ಕೋಚ್ ಆಗಿ ಗೆದ್ದದ್ದು ಹೇಗೆ?

ಆಡುವ ದಿನಗಳಲ್ಲೇ ಇಡೀ ತಂಡವನ್ನು ಹಿಂದಿನಿಂದ ನೋಡಿ ನಡೆಸುವ ಅಭ್ಯಾಸವೇ ಮುಖ್ಯ ಕಾರಣವೆಂಬುದು ನನ್ನ ಅಭಿಪ್ರಾಯ. ಇಂಗ್ಲೆಂಡಿನ ಕ್ಲಬ್‌ಗಳಲ್ಲಿ ಸೆಂಟರ್ ಬ್ಯಾಕ್, ಅಂದರೆ ಗೋಲಿನ ಮುಂದೆ ನಡುವೆ ನಿಲ್ಲುವ ರಕ್ಷಣಾ ಆಟಗಾರರಾಗಿದ್ದ ವೆಸ್ಟ್‌ವುಡ್, 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿಯ ಮೊದಲ ಕೋಚ್ ಆದರು. ಮೊದಲ ಋತುವಿನಲ್ಲೇ, ಆಗ ದೇಶದ ಅಗ್ರ ಫುಟ್‌ಬಾಲ್ ಲೀಗ್ ಆಗಿದ್ದ ಐ-ಲೀಗ್ ಗೆದ್ದ ತಂಡ 2016ರಲ್ಲಿ ಮತ್ತೆ ಗೆದ್ದಿತು.

ಎದುರಾಳಿಗಳು ನುಗ್ಗಿ ಬರುವಾಗ ಚೆಂಡು, ತನ್ನವರು, ಎದುರಿನವರು ಬಹುತೇಕ ಎಲ್ಲರೂ ಸೆಂಟರ್ ಬ್ಯಾಕ್‌ನ ಕಣ್ಣೆದುರಿಗೇ ಇರುತ್ತಾರೆ. ಎದುರಾಳಿಯನ್ನು ಆಫ್‌ಸೈಡಿಗೆ, ಅಂದರೆ ಪಾಸ್ ಹೊರಡುವಾಗ ರಕ್ಷಣಾ ಸಾಲನ್ನು ದಾಟಿ ಗೋಲಿನ ಹತ್ತಿರ ನಿಂತಿರುವ ತಪ್ಪಿಗೆ, ಸಿಕ್ಕಿಸಲು ಹಿಂದಿನ ಸಾಲಿನ ನಾಲ್ವರು ರಕ್ಷಣಾ ಆಟಗಾರರೂ ಒಟ್ಟಿಗೆ ಮುಂದೆ ಸರಿಯಬೇಕು, ಒಬ್ಬ ಎರಡು ಹೆಜ್ಜೆ ಹಿಂದುಳಿದರೂ ಸ್ಟ್ರೈಕರ್‌ಗೆ ದಾರಿ ತೆರೆಯುತ್ತದೆ. ಹೀಗಾಗಿ ಕೂಗಿ ಕೂಗಿ ಪ್ರತಿಯೊಬ್ಬರನ್ನೂ ಸ್ಥಾನಕ್ಕೆ ತರುವುದು ಸೆಂಟರ್ ಬ್ಯಾಕ್‌ನ ನಿತ್ಯದ ಕೆಲಸ, ಕೋಚ್ ಕೆಲಸದ ತಿರುಳೂ ಅದೇ. ಕಂಠೀರವ ಕ್ರೀಡಾಂಗಣದ ಗ್ಯಾಲರಿಯಲ್ಲಿ ಕುಳಿತು, ಚೆಂಡನ್ನು ಬಿಟ್ಟು ಆ ನಾಲ್ವರನ್ನಷ್ಟೇ ಸ್ವಲ್ಪ ಹೊತ್ತು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ.